ಎತ್ತಿದ ಕೈ ಎಣಿಸುವುದರಲ್ಲಿ ಎತ್ತಿದ ಕೈಯಾದ ನಮ್ಮ ಮೇಯರ್ ಅವರಿಗೆ

ನಗರಸಭೆಯ ಮೂರನೆಯ ಮಹಡಿಯಲ್ಲಿ, ಊರಿನ ಧೂಳು ತಲುಪದಷ್ಟು ಎತ್ತರದಲ್ಲಿ ಕುಳಿತು ಊರಿನ ಧೂಳಿನ ಬಗ್ಗೆಯೇ ಚಿಂತಿಸುತ್ತಿರುವ ಮಾನ್ಯ ಮೇಯರ್ ಎರ್ಮೆಕ್‌ಬೈ ಸಾತಾರೊವಿಚ್ ಅವರ ಸನ್ನಿಧಾನಕ್ಕೆ, ಕಾಲುವೆಯಾಚೆಯ ಬೀದಿಯ ನಿವಾಸಿ ಬೂರುಲ್ ತಲೆಬಾಗಿ ಮಾಡುವ ಬಿನ್ನಹ.

ಮಾನ್ಯರೇ,

ತಾವು ಕ್ಷೇಮವೇ, ಮನೆಮಂದಿ ಕ್ಷೇಮವೇ, ಬೆಟ್ಟದ ಮೇಲೆ ಮೇಯುತ್ತಿರುವ ತಮ್ಮ ಕುದುರೆ, ಕುರಿಗಳು ಕ್ಷೇಮವೇ, ತಮ್ಮ ಕಪ್ಪು ಕಾರು ಮತ್ತು ಅದಕ್ಕೆ ಒಂಟಿತನ ಕಾಡಬಾರದೆಂದು ಹಿಂದೆಯೇ ಬರುವ ಇನ್ನೊಂದು ಕಪ್ಪು ಕಾರು ಕ್ಷೇಮವೇ? ನಾನು ಯಾರೆಂದು ತಮಗೆ ಗೊತ್ತು. ಮದುವೆಯಿರಲಿ, ತೊಟ್ಟಿಲ ಶಾಸ್ತ್ರವಿರಲಿ, ಎಪ್ಪತ್ತರ ಹುಟ್ಟುಹಬ್ಬವಿರಲಿ, ಮೈಕು ಹಿಡಿದು ಬಂದವರನ್ನೆಲ್ಲ ಹೊಗಳಿ ಔತಣ ನಡೆಸಿಕೊಡುವ ತಮಾದಾ ನಾನು. ಹೊಗಳುವುದೇ ನನ್ನ ಕಸುಬು. ಕುಡಿದು ಬೀಳುವ ಸೋದರಮಾವನನ್ನು 'ನೆಲದ ನಂಟು ಬಿಡದವರು' ಎಂದೂ, ಸಾಲ ತೀರಿಸದ ಭಾವನನ್ನು 'ಊರೆಲ್ಲ ಸದಾ ನೆನೆಯುವವರು' ಎಂದೂ ಕರೆದು ಚಪ್ಪಾಳೆ ಗಿಟ್ಟಿಸಿದವಳು. ಆದ್ದರಿಂದ ಈ ಪತ್ರದಲ್ಲಿ ಅಲ್ಲಲ್ಲಿ ಹೊಗಳಿಕೆ ಜಾಸ್ತಿಯಾದರೆ ಅಭ್ಯಾಸಬಲವೆಂದು ಮನ್ನಿಸಬೇಕು.

ಇದರ ಜೊತೆಗೆ, ನಗರದ ಖರ್ಚಿನ ಮೇಲೆ ಕಣ್ಣಿಡಲು ತಾವೇ ರಚಿಸಿ ತಾವೇ ಮರೆತಿರುವ ನಾಗರಿಕ ಸಮಿತಿಯ ಸದಸ್ಯೆಯೂ ನಾನು. ಬೀದಿಯವರು ನನ್ನನ್ನು ಆರಿಸಿದ್ದು ನನ್ನ ತಿಳಿವಳಿಕೆ ನೋಡಿ ಅಲ್ಲ, ಮೈಕು ಇಲ್ಲದೆಯೂ ನನ್ನ ದನಿ ಮೂರನೆಯ ಮಹಡಿಗೆ ಮುಟ್ಟುತ್ತದೆ ಎಂಬ ಭರವಸೆಯಿಂದ. ನನ್ನ ಜೊತೆಗಿರುವವರು ನಮ್ಮ ಬೀದಿಯ ಹಿರಿಯರಾದ ಮುಕಾಶ್ ತಾತ. ಅವರನ್ನು ಆರಿಸಿದ್ದು ಅವರಿಲ್ಲದೆ ನಮ್ಮಲ್ಲಿ ಏನೂ ಶುರುವಾಗುವುದಿಲ್ಲ, ಏನೂ ಮುಗಿಯುವುದಿಲ್ಲ ಎಂಬ ಕಾರಣಕ್ಕೆ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಬೀದಿಗೂ ಶಾಲೆ, ಆಸ್ಪತ್ರೆ, ಸಂತೆ ಎಲ್ಲಕ್ಕೂ ನಡುವೆ ಒಂದು ಕಾಲುವೆಯಿದೆ. ಅದರ ಮೇಲಿದ್ದ ಕಾಲುಸೇತುವೆ ಕಳೆದ ವಸಂತದಲ್ಲಿ ಹಿಮ ಕರಗಿದ ಪ್ರವಾಹಕ್ಕೆ ಕೊಚ್ಚಿಕೊಂಡು ಹೋಯಿತು. ಅಂದಿನಿಂದ ನಾವು ದಾಟುತ್ತಿರುವುದು ಬಿಸಿನೀರು ಸಾಗಿಸುವ ದಪ್ಪ ಕೊಳವೆಯ ಮೇಲೆ. ನವೆಂಬರಿನಲ್ಲಿ ಮುಕಾಶ್ ತಾತನ ಮರಿಮಗಳು ಸಾಯ್ಕಾಲ್ ಶಾಲೆಗೆ ಹೋಗುವಾಗ ಅದರ ಮೇಲಿಂದ ಜಾರಿ ಬಿದ್ದಳು. ಕೆಳಗಿದ್ದ ಪೊದೆ ಹಿಡಿದುಕೊಂಡು ಬದುಕಿದಳು, ಪುಸ್ತಕದ ಚೀಲವೂ ಎಡಗಾಲಿನ ಬೂಟೂ ನೀರುಪಾಲಾದವು. ಮಗು ಒಂದು ವಾರ ಜ್ವರದಲ್ಲಿ ಮಲಗಿತು. ಅದಾದ ಮೇಲೆ ತಾವು ಬಜೆಟ್ಟಿನಲ್ಲಿ ಸೇತುವೆಗೆಂದು ಹಣ ಇಟ್ಟಿರಿ, ನಾವೂ ತಮ್ಮನ್ನು ಬಾಯ್ತುಂಬ ಹರಸಿದೆವು. ಇಲ್ಲಿಯವರೆಗೆ ನಮ್ಮ ನಡುವೆ ಯಾವ ತಕರಾರೂ ಇಲ್ಲ.

ಒಂದು ಕೆಲಸಕ್ಕೆ ಇಟ್ಟ ಹಣವನ್ನು ಇನ್ನೊಂದಕ್ಕೆ ಬಳಸಬೇಕಾದರೆ ಊರವರನ್ನು ಕರೆದು ಒಪ್ಪಿಗೆ ಕೇಳಬೇಕೆಂದು ನಿಯಮವಿದೆ. ತಾವು ನಿಯಮ ಮೀರುವವರಲ್ಲ. ಮಾರ್ಚಿನಲ್ಲಿ ನಮ್ಮನ್ನು ಸಂಸ್ಕೃತಿ ಭವನಕ್ಕೆ ಕರೆದಿರಿ. ಸೇತುವೆಯ ಹಣದ ಮೇಲೆ ಕಣ್ಣು ಬಿದ್ದಿದೆಯೆಂದು ನಾವು ಜಗಳಕ್ಕೆ ಸೊಂಟ ಕಟ್ಟಿಕೊಂಡೇ ಹೊರಟೆವು. ನಾನಂತೂ ಗಂಟಲು ಕೈಕೊಡಬಾರದೆಂದು ಬಿಸಿಹಾಲಿಗೆ ಬೆಣ್ಣೆ ಹಾಕಿ ಕುಡಿದು ಬಂದಿದ್ದೆ. ಒಳಗೆ ಕಾಲಿಟ್ಟರೆ ಕುರ್ಚಿಗಳಿಲ್ಲ, ನೆಲದುದ್ದಕ್ಕೂ ಊಟ ಬಡಿಸುವ ದಸ್ತರಖಾನ್ ಬಟ್ಟೆ ಹಾಸಿದೆ. ಅದರ ಮೇಲೆ ಎಣ್ಣೆಯಲ್ಲಿ ಕರಿದ ಬೋರ್ಸೋಕ್‌ಗಳ ರಾಶಿ, ಕೆನೆ, ಜಾಮು, ಹಬೆಯಾಡುವ ಕುರಿಮಾಂಸ. ಉಂಡ ಮನೆಗೆ ಎರಡು ಬಗೆಯಬಾರದೆಂದು ಕಲಿತು ಬೆಳೆದ ಜನ ನಾವು, ಎರಡನೆಯ ತಟ್ಟೆಗೇ ನಮ್ಮ ಜಗಳ ಕರಗಿ ನೀರಾಯಿತು. ತಾವು ಎದ್ದು ನಿಂತು, ನಗರಸಭೆಯ ಮುಂದೆ ಹಾಡು ಹಾಡುತ್ತ ಬಣ್ಣ ಬದಲಿಸುವ ಕಾರಂಜಿಯೊಂದು ಬಂದರೆ ಎಷ್ಟು ಚೆನ್ನ ಎಂದು ಮಾತಾಡಿದಿರಿ. ನಾವು ಅದನ್ನು ಊಟದ ನಡುವಿನ ಕಾಲಕ್ಷೇಪವೆಂದುಕೊಂಡು ತಲೆದೂಗಿದೆವು. ಸೇತುವೆಯ ಮಾತು ಕೇಳಿಬರಲಿಲ್ಲ.

ಊಟ ಮುಗಿಯಿತು. ಮುಗಿದ ಮೇಲೆ ಏನು ನಡೆಯುತ್ತದೆಂದು ತಮ್ಮ ಮನೆಯ ಬೆಕ್ಕಿಗೂ ಗೊತ್ತು. ಮುಕಾಶ್ ತಾತ ಎರಡೂ ಅಂಗೈ ಬಿಚ್ಚಿ ಎತ್ತಿ ಹಿಡಿದು ಊಟದ ಕೊನೆಯ ಹರಕೆಯಾದ ಬಾತಾ ಹೇಳಿದರು. ನಾವೆಲ್ಲ ಹಾಗೆಯೇ ಅಂಗೈ ಬಿಚ್ಚಿ ಕೇಳಿದೆವು. 'ಊರಿಗೆ ನೀರು ಬರಲಿ, ದಾರಿ ತೆರೆಯಲಿ, ಮಕ್ಕಳ ಕಾಲಿಗೆ ಕಲ್ಲು ತಾಗದಿರಲಿ' ಎಂದು ಅವರು ಹರಸಿದರು. ನಾವು ಹಾಗೆಯೇ ಆಗಲಿ ಎಂಬಂತೆ 'ಓಮಿನ್' ಎಂದು ಮುಖ ಸವರಿಕೊಂಡು ಎದ್ದೆವು. ನಮ್ಮ ಕೈ ಇನ್ನೂ ಮೇಲಿದ್ದಾಗಲೇ ತಮ್ಮ ಫೋಟೋದವನು ಕಿಟಕಿಯ ಕಟ್ಟೆ ಹತ್ತಿ ನಿಂತು ಒಂದು ಚಿತ್ರ ತೆಗೆದಿದ್ದ. ಚಿತ್ರ ಚೆನ್ನಾಗಿ ಬರಲಿ ಎಂದು ನಾನೇ ಮುಂದಿನ ಸಾಲಿನವರಿಗೆ ಕೈ ಇನ್ನಷ್ಟು ಮೇಲೆ ಹಿಡಿಯಲು ಹೇಳಿದ್ದೆ, ನನ್ನ ಬಾಯಿಗೆ ಬೆಂಕಿ ಬೀಳ.

ಸೋಮವಾರ ನಗರಸಭೆಯ ಗೋಡೆಯ ಮೇಲೆ ಸಭೆಯ ನಡಾವಳಿ ಅಂಟಿಸಿದ್ದರು. ಸೇತುವೆಯ ಹಣವನ್ನು ಕಾರಂಜಿಗೆ ಬಳಸುವ ಪ್ರಸ್ತಾಪಕ್ಕೆ ವಿರೋಧ ಯಾವುದೂ ಇಲ್ಲ. ಹಾಜರಿದ್ದವರು ಎಪ್ಪತ್ತು, ಪರವಾಗಿ ಬಂದ ಮತ ನೂರ ಮೂವತ್ತೊಂಬತ್ತು. ಆಳಿಗೆರಡು ಕೈಯಂತೆ ನೂರ ನಲವತ್ತಾಗಬೇಕಿತ್ತು, ಆ ಒಂದು ಕಡಿಮೆಯ ಮುಂದೆ ನಾನು ಮೂಗಿನ ಮೇಲೆ ಬೆರಳಿಟ್ಟು ನಿಂತೆ. ಬೇಕರಿಯವರ ಸೊಸೆ ಒಂದು ಕೈಯಲ್ಲಿ ಕೂಸನ್ನು ಎತ್ತಿಕೊಂಡಿದ್ದರಿಂದ ಒಂದೇ ಕೈ ಬಿಚ್ಚಿದ್ದಳು. ಅದನ್ನೂ ಬಿಡದೆ ಎಣಿಸಿ, ಇಲ್ಲದ ಒಂದು ಕೈಯನ್ನು ಸೇರಿಸದ ಆ ಪ್ರಾಮಾಣಿಕತೆಯನ್ನು ಯಾವ ದೇಶದಲ್ಲಿ ಕಾಣಲು ಸಾಧ್ಯ? ಕೆಳಗೆ ಇನ್ನೊಂದು ಸಾಲಿತ್ತು: 'ಸಭೆಯ ಹಿರಿಯರು ನೀರು ಬರಲಿ ಎಂದು ಹೇಳಿ ಕಾರಂಜಿಯನ್ನು ಸ್ಪಷ್ಟವಾಗಿ ಬೆಂಬಲಿಸಿದರು.' ದಾರಿ ತೆರೆಯಲಿ ಎಂದ ಮಾತು ಜಾಗ ಸಾಲದೆ ಬಿಟ್ಟುಹೋಗಿರಬೇಕು.

ನಾನೂ ತಾತನೂ ತಮ್ಮ ಕಾರ್ಯದರ್ಶಿ ನುರ್ಗಾಜಿ ಅವರ ಬಳಿ ಹೋದೆವು. ಅವರು ಚಹಾ ತರಿಸಿದರು, ತಾತನ ಬೆನ್ನಿಗೆ ದಿಂಬು ಕೊಟ್ಟರು. ಆಮೇಲೆ ಚಿತ್ರ ತೋರಿಸಿ ಬಹಳ ಸಮಾಧಾನದಿಂದ ವಿವರಿಸಿದರು.

"ನೋಡಿ ತಾತ, ಒಂದು ಕೈ ಎತ್ತಿದ್ರೆ ಒಪ್ಪಿಗೆ ಅಂತ ಅರ್ಥ. ನೀವು ಎರಡೂ ಎತ್ತಿದ್ದೀರಿ. ಅಂದ್ರೆ ತುಂಬಾನೇ ಒಪ್ಪಿಗೆ."

ತಾತ ಚಿತ್ರವನ್ನು ಕಣ್ಣ ಹತ್ತಿರ ಹಿಡಿದು ನೋಡಿದರು. "ಮಗಾ, ನಾನು ಕೈ ಎತ್ತಿದ್ದು ದೇವರ ಮುಂದೆ. ನೀನ್ಯಾಕಪ್ಪ ನಡುವೆ ಬಂದು ಎಣಿಸ್ದೆ?" ಎಂದು ಕೇಳಿದರು. ನುರ್ಗಾಜಿ ಅವರಿಗೆ ಆಗಲೇ ಫೋನು ಬಂತು.

ಮಾನ್ಯರೇ, ತಮ್ಮ ಈ ಹೊಸ ಎಣಿಕೆಯಿಂದ ನಮ್ಮ ಬೀದಿಯ ಜೀವನಕ್ಕೆ ಬಂದಿರುವ ಗಾಂಭೀರ್ಯವನ್ನು ನಾನು ವರ್ಣಿಸಲಾರೆ. ತಮ್ಮ ಕಪ್ಪು ಕಾರು ಕಂಡರೆ ಬಟ್ಟೆ ಒಣಹಾಕುತ್ತಿರುವ ಹೆಂಗಸರು ಹಗ್ಗ ಬಿಟ್ಟು ಕೈ ಕೆಳಗಿಳಿಸುತ್ತಾರೆ, ಎಲ್ಲಿ ಕ್ರೀಡಾಂಗಣವೊಂದಕ್ಕೆ ಮಂಜೂರಾತಿ ಕೊಟ್ಟುಬಿಟ್ಟೆವೋ ಎಂಬ ಹೆದರಿಕೆಯಿಂದ. ಬೆಳಗ್ಗೆ ಎದ್ದು ಮೈಮುರಿಯುವವರು ಪರದೆ ಎಳೆದುಕೊಂಡು ಮುರಿಯುತ್ತಾರೆ. ಮಕ್ಕಳ ಫುಟ್‌ಬಾಲಿನಲ್ಲಿ ಗೋಲು ಕಾಯುವವನು ಒಂದೇ ಸಂಜೆಗೆ ನಾಲ್ಕು ಗುತ್ತಿಗೆ ಪಾಸು ಮಾಡಿದನೆಂದು ಎದುರು ತಂಡದವರು ರೇಗಿಸಿ ಅಳಿಸಿದ್ದಾರೆ. ಸಂತೆಯ ಚೌಕದಲ್ಲಿ ವಾಹನ ನಿಲ್ಲಿಸುವ ಪೊಲೀಸಪ್ಪನಂತೂ ಮಧ್ಯಾಹ್ನದೊಳಗೆ ಮುಂದಿನ ಐದು ವರ್ಷದ ಬಜೆಟ್ಟನ್ನೇ ಅಂಗೀಕರಿಸಿ ಮನೆಗೆ ಹೋಗುತ್ತಾನೆ. ಇಂಥ ಚುರುಕು ಆಡಳಿತ ಇನ್ನೆಲ್ಲಿ ಸಿಕ್ಕೀತು?

ಕಾರಂಜಿಯ ಮೇಲೂ ನನಗೆ ದ್ವೇಷವಿಲ್ಲ. ನನ್ನದೊಂದೇ ಕೋರಿಕೆ: ಅದರ ಚಿಲುಮೆಯನ್ನು ಸ್ವಲ್ಪ ನಮ್ಮ ಕಡೆಗೆ ವಾಲಿಸಿ, ಶಾಲೆಯ ಸಮಯಕ್ಕೆ ಸರಿಯಾಗಿ ಜೋರು ಹಾಡೊಂದನ್ನು ಹಾಕಿಸಿ, ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಚಿಮ್ಮಿಸಿ ಕಾಲುವೆ ದಾಟಿಸಿಕೊಡಬೇಕು. ಗರ್ಭಿಣಿಯರಿಗೆ ನಿಧಾನದ ಹಾಡು ಸಾಕು. ಚಳಿಗಾಲದಲ್ಲಿ ಕಾರಂಜಿ ಹೆಪ್ಪುಗಟ್ಟಿದಾಗ ಅದನ್ನು ಬುಡಸಮೇತ ಕಿತ್ತು ತಂದು ಕಾಲುವೆಯ ಮೇಲೆ ಅಡ್ಡ ಮಲಗಿಸಿದರೂ ನಮಗೆ ಸಂತೋಷವೇ.

ಆದರೆ ಮುಕಾಶ್ ತಾತನ ವಿಷಯದಲ್ಲಿ ಮಾತ್ರ ನನಗೆ ನಗು ಬರುತ್ತಿಲ್ಲ, ಸಿಟ್ಟು ಬರುತ್ತಿದೆ. ಅಂದು ನಗರಸಭೆಯ ಮೆಟ್ಟಿಲಿಳಿದವರೇ ಅವರು ಎರಡೂ ಕೈಯನ್ನು ಕೋಟಿನ ಜೇಬಿಗೆ ಹಾಕಿಕೊಂಡರು. ತನ್ನ ಬಾಯಿಂದ ಬಂದ ಹರಕೆಯೇ ಮರಿಮಗಳ ಸೇತುವೆಯನ್ನು ತಿಂದಿತೆಂದು ಅವರಿಗೆ ಅನ್ನಿಸಿಬಿಟ್ಟಿದೆ. ಅಂದಿನಿಂದ ಯಾರಿಗೂ ಬಾತಾ ಕೊಟ್ಟಿಲ್ಲ. ತೊಟ್ಟಿಲಿಗೆ ಹಾಕಬೇಕಾದ ಕೂಸು ಅಜ್ಜಿಯ ತೊಡೆಯ ಮೇಲೆಯೇ ಬೆಳೆಯುತ್ತಿದೆ. ಹಬ್ಬಕ್ಕೆ ತಂದ ಕುರಿಯನ್ನು ಕೊಯ್ಯುವ ಮೊದಲು ಹರಸಲೆಂದು ಅವರ ಬಾಗಿಲಿಗೆ ಹಿಡಿದು ನಿಲ್ಲಿಸಿದರೆ, ಅವರು ಜೇಬಿನಿಂದ ಕೈ ತೆಗೆಯಲಿಲ್ಲ. ಕುರಿ ಕಾದು ಕಾದು ಬೇಸತ್ತು ಮೇಯಲು ಹೊರಟುಹೋಯಿತು. ನಮ್ಮ ಬೀದಿಯ ಕುರಿಗಳೆಲ್ಲ ಮುಂದಿನ ಚುನಾವಣೆಯಲ್ಲಿ ತಮ್ಮ ಪರವಾಗಿಯೇ ನಿಲ್ಲುವುದರಲ್ಲಿ ಸಂಶಯವಿಲ್ಲ.

ನಮ್ಮ ಹುಡುಗರು ಕೆಲವರು ಅವರ ಬಳಿ ಹೋಗಿ, ಅಂಗೈ ಕೆಳಗೆ ತಿರುಗಿಸಿ ಹೇಳುವ ಉಲ್ಟಾ ಬಾತಾವನ್ನು, ಅಂದರೆ ಶಾಪವನ್ನು, ಮೇಯರ್ ಹೆಸರಿಗೆ ಹೇಳಿಬಿಡಿ ಎಂದು ದುಂಬಾಲುಬಿದ್ದದ್ದೂ ಉಂಟು. ಅಂಥ ಮಾತು ಬಿದ್ದ ಮನೆ ಏಳುವುದಿಲ್ಲವೆಂದು ತಮಗೂ ಗೊತ್ತು, ನಮಗೂ ಗೊತ್ತು. ತಾತ ಬೈದು ಕಳಿಸಿದರು. "ಒಳ್ಳೇದು ಬೇಡಿ ಬೇಡಿ ಸವೆದ ಕೈ ಇದು. ಈ ವಯಸ್ಸಲ್ಲಿ ತಿರುಗಿಸೋಕೆ ಬರಲ್ಲ. ನನಗೆ ಅವರ ಮೇಲೆ ಏನೂ ಬೇಡ, ನನ್ನ ಓಮಿನ್ ನನಗೆ ವಾಪಸ್ ಕೊಡ್ಲಿ ಸಾಕು," ಅಂದರು. ಮಾನ್ಯರೇ, ನನ್ನ ದೂರಿನ ತಿರುಳು ಇದೇ. ಆ ನಡಾವಳಿಯಲ್ಲಿ 'ಅಂದು ಎತ್ತಿದ್ದು ಮತವಲ್ಲ, ಪ್ರಾರ್ಥನೆ' ಎಂಬ ಒಂದು ಸಾಲನ್ನು ಸೇರಿಸಿ ತಾವು ರುಜು ಹಾಕಿದರೆ ಹಣ ಸೇತುವೆಗೆ ತಾನಾಗಿ ಮರಳುತ್ತದೆ, ತಾತನ ಕೈಯೂ ಜೇಬಿನಿಂದ ಹೊರಬರುತ್ತದೆ. ಬರುವ ಸೋಮವಾರ ಕಾರಂಜಿಯ ಗುತ್ತಿಗೆಗೆ ಸಹಿ ಬೀಳುತ್ತದೆಂದು ಕೇಳಿದೆವು. ಅದರ ಮೊದಲೇ ಇದು ಆಗಬೇಕು.

ಸೋಮವಾರಕ್ಕಿಂತ ಮೊದಲು ಶನಿವಾರ ಬರುತ್ತದೆ. ಅಂದು ತಮ್ಮ ಮಗಳು ಬೆರ್ಮೆತ್‌ಳನ್ನು ಗಂಡನ ಮನೆಗೆ ಕಳಿಸಿಕೊಡುವ ಔತಣ. ತಮಾದಾ ನಾನೇ ಆಗಬೇಕೆಂದು ತಾವು ಹೇಳಿಕಳಿಸಿದ್ದೀರಿ, ನಮ್ಮ ಇಡೀ ಬೀದಿಗೆ ಕರೆಯೋಲೆ ಬಂದಿದೆ. ನಾವು ಖಂಡಿತ ಬರುತ್ತೇವೆ, ಕರೆದವರ ಮನೆಗೆ ಹೋಗದಿರುವುದು ನಮ್ಮಲ್ಲಿಲ್ಲ. ಹಾಡುತ್ತೇವೆ, ಕುಣಿಯುತ್ತೇವೆ, ಹೊಟ್ಟೆ ಬಿರಿಯ ಉಣ್ಣುತ್ತೇವೆ. ನಾನು ತಮ್ಮನ್ನು ಬಂದವರ ಕಣ್ಣು ತುಂಬಿ ಬರುವಷ್ಟು ಹೊಗಳುತ್ತೇನೆ.

ಒಂದೇ ಒಂದು ಸಣ್ಣ ತೊಡಕು. ಊಟ ಮುಗಿದಾಗ ಬಾತಾ ಹೇಳಲು ತಾವು ಬೇರೆ ಊರಿನ ಹಿರಿಯರನ್ನು ಕರೆಸಿಕೊಳ್ಳಬಹುದು, ಆದರೆ ಅಂಗೈ ಬಿಚ್ಚಿ ಓಮಿನ್ ಎನ್ನಬೇಕಾದವರು ನಾವು. ನಮಗೆ ಈಗ ಕೈ ಎತ್ತಲು ಭಯ. ಅದರಲ್ಲೂ ಮದುವೆಮನೆಯಲ್ಲಿ ಫೋಟೋದವರು ಹೆಜ್ಜೆಗೊಬ್ಬರು. ಯಾರಿಗೆ ಗೊತ್ತು, ಒಂದು ಓಮಿನ್ನಿಗೆ ಊರಿನ ಉದ್ಯಾನವೇ ಹೋದೀತು. ಹೀಗಾಗಿ ನಾವು ಕೈಯನ್ನು ದಸ್ತರಖಾನ್ ಕೆಳಗೆ ಇಟ್ಟುಕೊಂಡು ನಯವಾಗಿ ಕುಳಿತಿರುತ್ತೇವೆ. ಓಮಿನ್ ಎನ್ನದೆ ದಸ್ತರಖಾನ್ ಬಿಟ್ಟು ಏಳುವುದು ಎಂಥ ಅಪಚಾರವೆಂದು ತಮಗೆ ಹೇಳಬೇಕಾಗಿಲ್ಲ. ನಾವು ಸಂಪ್ರದಾಯಸ್ಥರು, ಏಳುವುದಿಲ್ಲ. ಭಾನುವಾರವೂ ಅಲ್ಲೇ ಕೂತಿರುತ್ತೇವೆ, ಸೋಮವಾರವೂ. ಅತಿಥಿಗೆ ಏಳಿ ಎಂದು ಹೇಳುವಷ್ಟು ಕೀಳು ಬುದ್ಧಿ ತಮ್ಮಂಥ ಮನೆತನದವರಿಗೆ ಬರಲಾರದು. ಚಹಾ ಬರುತ್ತಿರಲಿ, ಮಾಂಸ ಬರುತ್ತಿರಲಿ, ನಮ್ಮ ಬೀದಿಯವರ ಹಸಿವು ದೊಡ್ಡದು. ಸೇತುವೆಗೆ ಮೊದಲ ಕಂಬ ನೆಟ್ಟ ಸುದ್ದಿ ಬಂದೊಡನೆ ಅಂಗೈ ಬಿಚ್ಚಿ, ತಮ್ಮ ಮನೆತನವನ್ನು ಏಳು ತಲೆಮಾರಿಗೆ ಆಗುವಷ್ಟು ಹರಸಿ, ಉಳಿದ ಬೋರ್ಸೋಕ್ ಕಟ್ಟಿಸಿಕೊಂಡು ಹೊರಡುತ್ತೇವೆ.

ಹೆಚ್ಚು ಬರೆದು ತಮ್ಮ ಅಮೂಲ್ಯ ಸಮಯವನ್ನು ಕಾರಂಜಿಯಿಂದ ಕಸಿದುಕೊಳ್ಳಲಾರೆ.

ಎರಡೂ ಕೈ ಕಟ್ಟಿಕೊಂಡು ನಿಂತಿರುವ,
ತಮ್ಮ ವಿಶ್ವಾಸಿ,
ಬೂರುಲ್
ತಮಾದಾ ಮತ್ತು ನಾಗರಿಕ ಸಮಿತಿಯ ಸದಸ್ಯೆ

ತಾ.ಕ.: ಪತ್ರ ಲಕೋಟೆಗೆ ಹಾಕುವ ಹೊತ್ತಿಗೆ ತಮ್ಮ ಬೆರ್ಮೆತ್ ಒಬ್ಬಳೇ ನಮ್ಮ ಬೀದಿಗೆ ಬಂದಳು. ಹಿರಿಯರ ಹರಕೆಯಿಲ್ಲದೆ ಹೊಸ ಮನೆಯ ಹೊಸ್ತಿಲು ತುಳಿಯಲಾರೆ ಎಂದು ಹೇಳಿ, ಕಾರನ್ನು ಆಚೆದಡದಲ್ಲಿ ಬಿಟ್ಟು, ಎತ್ತರದ ಹಿಮ್ಮಡಿಯ ಚಪ್ಪಲಿಯನ್ನು ಕಂಕುಳಲ್ಲಿ ಅವುಚಿಕೊಂಡು, ಕೊಳವೆಯ ಮೇಲೆ ಕೂತು ಅಂಗುಲ ಅಂಗುಲವಾಗಿ ಜಾರುತ್ತ ದಾಟಿದಳು. ಮುಕಾಶ್ ತಾತ ಅವಳ ಒದ್ದೆ ಕಾಲು ನೋಡಿದರು, ಸುತ್ತ ಯಾರೂ ಚಿತ್ರ ತೆಗೆಯುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡರು, ಜೇಬಿನಿಂದ ಎರಡೂ ಕೈ ತೆಗೆದು ಅವಳೊಬ್ಬಳಿಗೆ ಬಾತಾ ಕೊಟ್ಟರು. ನಾವು ಬಾಗಿಲಾಚೆ ನಿಂತು ಅತ್ತೆವು. ಮರಳುವಾಗ ನಾನು ಅವಳ ಕೈ ಹಿಡಿದುಕೊಂಡಿದ್ದೆ. ಕೊಳವೆಯ ನಟ್ಟನಡುವೆ ಅವಳು ಕೆಳಗಿನ ನೀರು ನೋಡಿ, "ಅಕ್ಕಾ, ಚಿಕ್ಕ ಮಕ್ಕಳೂ ಇಲ್ಲೇ ದಾಟ್ತಾರಾ?" ಎಂದು ಕೇಳಿದಳು. ಹೌದು ಎಂದೆ. ಅವಳು ನೇರ ತಮ್ಮ ಹತ್ತಿರವೇ ಹೊರಟಿದ್ದಾಳೆ. ನನ್ನ ಪತ್ರಕ್ಕೆ ಉತ್ತರ ಕೊಡಲು ನಿಯಮದಂತೆ ತಮಗೆ ಹದಿನಾಲ್ಕು ದಿನದ ಅವಕಾಶವಿದೆ. ಅವಳು ಅಷ್ಟು ಕೊಡುವಂತೆ ಕಾಣಲಿಲ್ಲ.