ಅಧ್ಯಕ್ಷರ ಗುಂಡಿ ಮತ್ತು ನನ್ನ ತಾಳ್ಮೆ

ತಾಳ್ಮೆಯಿಂದ ಕೇಳುವುದರಲ್ಲಿ ನನ್ನನ್ನು ಮೀರಿಸುವವರು ಈ ಭೂಮಂಡಲದಲ್ಲೇ ಇಲ್ಲ! ಜಂಬ ಅಂದುಕೊಳ್ಳಬೇಡಿ. ಎದುರುಮನೆಯ ದರ್ಜಿ ತನ್ನ ಹೊಟ್ಟೆನೋವು ಹೇಳಿಕೊಳ್ಳುವುದು ನನ್ನ ಬಳಿ. ಮಹಡಿಮನೆಯ ಟೀಚರಮ್ಮ ತನ್ನ ಸೊಸೆಯ ಹೊಟ್ಟೆಕಿಚ್ಚು ಹೇಳಿಕೊಳ್ಳುವುದೂ ನನ್ನ ಬಳಿಯೇ. ನಾನು ಶಾಲೆಯಲ್ಲಿ ಹೆಚ್ಚು ಓದಿದವಳಲ್ಲ. ಕಲಿತದ್ದೆಲ್ಲ ಹೀಗೆ ಕಿವಿಯ ಬಾಗಿಲಿನಿಂದ ಒಳಗೆ ಬಂದದ್ದು. ದೇವರು ಕೆಲವರಿಗೆ ಕಂಠ ಕೊಡುತ್ತಾನೆ, ಕೆಲವರಿಗೆ ರೂಪ ಕೊಡುತ್ತಾನೆ. ನನಗೆ ಎರಡು ಕಿವಿಯನ್ನೂ "ಹೂಂ" ಎನ್ನುವ ಒಂದೇ ಮಾತನ್ನೂ ಕೊಟ್ಟು ಕೈತೊಳೆದುಕೊಂಡ. ಅಷ್ಟರಲ್ಲೇ ಸಂಸಾರ ತೂಗಿಸಿಕೊಂಡು ಬಂದಿದ್ದೇನೆ.

ಈ ಕೀರ್ತಿಗೆ ಇದ್ದದ್ದು ಒಂದೇ ಒಂದು ಮಸಿ. ನಮ್ಮ ಯಜಮಾನರ ಹಿರಿಯ ಅಕ್ಕ, ಅಂದರೆ ನಮಗೆಲ್ಲ ದೊಡ್ಡಕ್ಕ, ಹಿಂದಿನ ಸಲ ಬಂದಾಗ ತಮ್ಮ ಮಂಡಿ ಆಪರೇಷನ್ನಿನ ಕಥೆ ಹೇಳುತ್ತಿದ್ದರು. ಅವರಿಗೆ ಅರಿವಳಿಕೆ ಸೂಜಿ ಚುಚ್ಚುವ ಘಟ್ಟ ಬಂತು. ಅರಿವು ತಪ್ಪಿದ್ದು ನನಗೆ. ಬರೀ ನಿದ್ದೆಯಾಗಿದ್ದರೆ ಕ್ಷಮಿಸುತ್ತಿದ್ದರೇನೋ, ಗೊರಕೆಯನ್ನೂ ಹೊಡೆದೆನಂತೆ. ಮರುದಿನವೇ ಪೆಟ್ಟಿಗೆ ಎತ್ತಿಕೊಂಡು ಹೊರಟವರು ಎರಡು ವರ್ಷ ಈ ಕಡೆ ತಲೆ ಹಾಕಿಯೂ ಮಲಗಲಿಲ್ಲ. ತಾಯಿಯಿಲ್ಲದ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕ. ಯಜಮಾನರು ನನಗೆ ಒಂದು ಮಾತೂ ಅನ್ನಲಿಲ್ಲ. ಊಟಕ್ಕೆ ಕೂತಾಗ ಅಕ್ಕ ಕೂರುತ್ತಿದ್ದ ಕುರ್ಚಿಯನ್ನು ನೋಡಿ ಸುಮ್ಮನೆ ಎದ್ದು ಹೋಗುತ್ತಿದ್ದರು. ಬೈದಿದ್ದರೇ ಚೆನ್ನಾಗಿತ್ತು.

ಅಂಥ ದೊಡ್ಡಕ್ಕ ಕೊನೆಗೂ ಬರಲು ಒಪ್ಪಿದರು. ಒಪ್ಪಿಸಿದ್ದು ನಾನಲ್ಲ, ಒಂದು ಕಾರು.

ಕೊರಿಯಾ ದೇಶದ ದೊಡ್ಡ ಸೆಡಾನ್ ಅದು. ಯೌವನದಲ್ಲಿ ಯಾವುದೋ ಕಂಪನಿಯ ಅಧ್ಯಕ್ಷರನ್ನು ಹೊತ್ತು ತಿರುಗಿ, ಮುಪ್ಪಿನಲ್ಲಿ ನಮ್ಮ ಮನೆಗೆ ಬಂದಿತ್ತು. ಅಕ್ಕನ ಮಂಡಿ ಮಡಚದು, ನಮ್ಮ ಪುಟಾಣಿ ಕಾರಿನಲ್ಲಿ ಕೂರಲಾರಳು ಎಂದೇ ಯಜಮಾನರು ಅದನ್ನು ತಂದದ್ದು. ಹಾಗಂತ ಅವರು ಹೇಳುತ್ತಾರೆ. ಅವರ ಕೆಲಸ ಲಿಫ್ಟ್ ಪರೀಕ್ಷೆ ಮಾಡುವುದು. ಜೀವಮಾನವೆಲ್ಲ ಗುಂಡಿ ಒತ್ತಿದ ಮನುಷ್ಯನ ಮುಂದೆ ಮೈತುಂಬ ಗುಂಡಿಗಳಿರುವ ಕಾರು ನಿಲ್ಲಿಸಿದರೆ ಏನಾಗಬೇಕೋ ಅದೇ ಆಯಿತು!

ದಿನಾ ಸಂಜೆ ನನಗೆ ಪಾಠ. ಕಿಟಕಿಗೆ ಎರಡು ಪದರದ ಗಾಜು, ಹೊರಗೆ ಡೋಲು ಬಡಿದರೂ ಒಳಗೆ ಕೇಳದು. ಆರು ಸಿಲಿಂಡರಿನ ಎಂಜಿನ್. ಓಡುತ್ತಿದೆಯೋ ಮಲಗಿದೆಯೋ ತಿಳಿಯದು. ಅದನ್ನು ತೋರಿಸಲು ಅಡುಗೆಮನೆಯಿಂದ ನನ್ನ ಸ್ಟೀಲ್ ಲೋಟದಲ್ಲಿ ನೀರು ತಂದು ಬಾನೆಟ್ಟಿನ ಮೇಲಿಟ್ಟರು. ನೀರು ಅಲುಗಲಿಲ್ಲ. ಪಕ್ಕದ ಮನೆಯವರು ಲೋಟಕ್ಕೆ ಪೂಜೆಯೇನೋ ಎಂದು ನಿಂತು ನೋಡಿದರು.

"ಹಿಂದಿನ ಸೀಟಿನ ಮಧ್ಯೆ ಕೈದಿಂಬು ಇದೆ ನೋಡು," ಎಂದರು ಒಂದು ಸಂಜೆ. "ಅದರ ಮೇಲೆಲ್ಲ ಗುಂಡಿಗಳು. ಅಧ್ಯಕ್ಷರು ಅಲ್ಲಿ ಕೈಯೂರಿಕೊಂಡೇ..."

ಅಲ್ಲಿಂದ ಮುಂದಿನದು ನನಗೆ ತಿಳಿಯದು. ಆ ಹೊತ್ತು ನನ್ನ ಸಂಜೆ ಪ್ರಾರ್ಥನೆಯ ಹೊತ್ತು. ಬಾಯಲ್ಲಿ "ಹೂಂ", ಮನಸ್ಸಿನಲ್ಲಿ ದೇವರ ನಾಮ. ಇಬ್ಬರಿಗೂ ಅನ್ಯಾಯವಾಗದಂತೆ ಹಂಚುತ್ತಿದ್ದೆ.

ದೊಡ್ಡಕ್ಕ ಬರುವ ದಿನ ಬೆಳಿಗ್ಗೆ ದೀಪ ಹಚ್ಚಿ ಸಂಕಲ್ಪ ಮಾಡಿದೆ. ಆಕಾಶವೇ ಕಳಚಿ ಬೀಳಲಿ, ಇವತ್ತು ಅವರ ಮಂಡಿ ಕಥೆಗೆ ನಾನು ಅಡ್ಡ ಬಾಯಿ ಹಾಕುವುದಿಲ್ಲ, ಕಣ್ಣು ಮುಚ್ಚುವುದಿಲ್ಲ. ಈ ಸಲ ಮನಸ್ಸು ಮುರಿದರೆ ಅಕ್ಕತಮ್ಮಂದಿರು ಇನ್ನು ಸೇರುವ ಮಾತಿಲ್ಲ ಎಂಬುದು ನನಗೆ ಗೊತ್ತಿತ್ತು.

ರೈಲು ನಿಲ್ದಾಣದಲ್ಲಿ ದೊಡ್ಡಕ್ಕ ಊರುಗೋಲು ಹಿಡಿದು, ಮುಖ ಬಿಗಿದುಕೊಂಡು ಇಳಿದರು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಎಚ್ಚರವಾಗಿದ್ದೀಯಾ?" ಎಂದು ಕೇಳಿದರು. ಅದೇ ಕುಶಲ ಪ್ರಶ್ನೆ!

ಅವರನ್ನು ಹಿಂದೆ, ಅಧ್ಯಕ್ಷರ ಜಾಗದಲ್ಲಿ ಕೂರಿಸಿದೆವು. ಅವರ ಮುಂದಿನ ಸೀಟಿನಲ್ಲಿ ನಾನು. ಯಜಮಾನರು ಕೈದಿಂಬನ್ನು ಕೆಳಗಿಳಿಸಿ, "ಆರಾಮಾಗಿ ಕೈಯೂರಿಕೋ ಅಕ್ಕ" ಎಂದು ಹೇಳಿ ಗಾಡಿ ಹೊರಡಿಸಿದರು. ಸಂತೆಬೀದಿ ದಾಟುವಷ್ಟರಲ್ಲಿ ದೊಡ್ಡಕ್ಕನ ಬಿಗುಮಾನ ಸಡಿಲವಾಯಿತು. ಕಥೆ ಶುರುವಾಯಿತು.

ಅವರಿಗೊಂದು ಅಭ್ಯಾಸ. ಕಥೆ ಬಿಸಿಯೇರಿದಂತೆ ಮೊಣಕೈಯನ್ನು ಬಲವಾಗಿ ಊರುತ್ತಾರೆ. ಕಥೆಯಲ್ಲಿ ಮೊದಲ ಡಾಕ್ಟರು ಬರುವಾಗಲೇ ಕಾರಿನ ಹಿಂದಿನ ಗಾಜಿನ ಮೇಲೆ ಒಂದು ಪರದೆ ತಾನಾಗಿ ಮೇಲೆದ್ದಿತು. "ನಾನು ಬಂದಿರೋದು ಯಾರಿಗೂ ಕಾಣಬಾರದಾ?" ಎಂದರು. ಯಜಮಾನರು ಅದು ಬಿಸಿಲಿನ ಪರದೆ ಎಂದು ಹೇಳಿ, ಅದರ ಮೋಟಾರಿನ ಗುಣಗಾನಕ್ಕೆ ತೊಡಗಿದರು. ಎರಡನೆಯ ಡಾಕ್ಟರ ಹೊತ್ತಿಗೆ ದೊಡ್ಡಕ್ಕನ ಸೀಟು ಕಾದ ಬಾಣಲೆಯಾಯಿತು. ಅದು ಚಳಿಗಾಲದ ವ್ಯವಸ್ಥೆಯಂತೆ. ನಾನು ಹಿಂದೆ ತಿರುಗದೆ, ತುಟಿ ಎರಡು ಮಾಡದೆ, ಬರೀ "ಹೂಂ" ಎನ್ನುತ್ತಿದ್ದೆ.

ಅರಿವಳಿಕೆ ಸೂಜಿ ಬಂತು. ಅಪಾಯದ ಘಟ್ಟ! ಕಣ್ಣು ಅಗಲಿಸಿ ಕೂತೆ. ಆಗ ನನ್ನ ಸೀಟು ಮುಂದಕ್ಕೆ ಹೊರಟಿತು.

ಸದ್ದಿಲ್ಲ, ಅವಸರವಿಲ್ಲ. ಆನೆ ಅಂಬಾರಿ ಹೊತ್ತು ನಡೆದಂತೆ ನಡೆಯಿತು. ನನ್ನ ಮಂಡಿ ಡ್ಯಾಶ್‌ಬೋರ್ಡಿಗೆ ತಾಗಿತು. ಸೀಟು ಸ್ವಲ್ಪ ನಿಂತಿತು. ಕಥೆಯಲ್ಲಿ ನರ್ಸ್ ಕೈಗೆ ಸೂಜಿ ಸಿಗದೆ ಹುಡುಕಾಡಿದಳು. ಸೀಟಿನ ಬೆನ್ನು ಮುಂದಕ್ಕೆ ಬಾಗಿತು. ಹಿಂದಿನಿಂದ ಯಾರೋ ನನ್ನನ್ನು ಮಡಚಿ ಪೆಟ್ಟಿಗೆಗೆ ತುಂಬುತ್ತಿರುವಂತೆ! ಹೊಟ್ಟೆ ತೊಡೆಗೆ ಅಂಟಿತು, ಗಲ್ಲ ಮಂಡಿಯ ಮೇಲೆ ಕೂತಿತು.

ಬೇರೆ ಯಾರಾಗಿದ್ದರೂ ಕಿರುಚುತ್ತಿದ್ದರು. ನಾನು ಯೋಚಿಸಿದೆ. ಇದು ಹಳೇ ಗಾಡಿಯ ಚೇಷ್ಟೆಯಲ್ಲ, ದೇವರ ಪರೀಕ್ಷೆ. ಬೆಳಿಗ್ಗೆ ಸಂಕಲ್ಪ ಮಾಡಿದ್ದೇನೆ, ಮಧ್ಯಾಹ್ನದೊಳಗೆ ಅಳೆದು ನೋಡುತ್ತಿದ್ದಾನೆ. ಬಾಯಿಬಿಟ್ಟರೆ ಕಥೆ ಕೆಡುತ್ತದೆ, ಕಥೆ ಕೆಟ್ಟರೆ ಮನೆ ಕೆಡುತ್ತದೆ. ಕಣ್ಮುಚ್ಚದೆ ನಾಮಸ್ಮರಣೆ ಮಾಡುತ್ತ "ಹೂಂ" ಎಂದೆ. ಆದರೆ ಮಡಚಿದ ಹೊಟ್ಟೆಯಿಂದ ಬರುವ "ಹೂಂ" ಸರಿಯಾಗಿ ಬರುವುದಿಲ್ಲ. "ಹ್ಹುಹುಂ" ಎಂದು ಬಂತು.

ಯಜಮಾನರು ಓರೆಗಣ್ಣಿನಲ್ಲಿ ನೋಡಿ, "ಏನೇ ಅಷ್ಟು ಮುಂದಕ್ಕೆ? ಏನಾದ್ರೂ ಬಿತ್ತಾ?" ಎಂದು ಕೇಳಿದರು. ಸುಮ್ಮನಿರಿ ಎಂದು ಬೆರಳು ತುಟಿಗೆ ಒಯ್ಯಲು ಹೋದೆ. ಬೆರಳು ಮೂಗಿನವರೆಗೆ ಮಾತ್ರ ಹೋಯಿತು.

ಹಿಂದೆ ಕಥೆ ನಿಂತಿತು. ಎರಡು ಪದರದ ಗಾಜಿನ ಒಳಗೆ ಮೌನವೆಂದರೆ ಸಾಮಾನ್ಯ ಮೌನವೇ?

"ಗಾಡಿ ನಿಲ್ಲಿಸು," ಎಂದರು ದೊಡ್ಡಕ್ಕ.

"ಯಾಕಕ್ಕಾ?"

"ನಾನು ಬಾಯಿ ತೆಗೆದ ಹಾಗೆಲ್ಲ ನಿನ್ನ ಹೆಂಡತಿ ದೂರ ದೂರ ಸರೀತಿದ್ದಾಳೆ. ಸರಿದದ್ದೂ ಅಲ್ಲದೆ ತಲೆ ಬಗ್ಗಿಸ್ಕೊಂಡು ನಗ್ತಿದ್ದಾಳೆ. ಹೋದ ಸಲ ಗೊರಕೆ, ಈ ಸಲ ಇದು. ನಾನು ಮುಂದಿನ ರೈಲಿಗೆ ವಾಪಸ್ ಹೋಗ್ತೀನಿ."

ಯಜಮಾನರ ಮುಖ ಸುಣ್ಣದ ಗೋಡೆಯಾಯಿತು. ಗಾಡಿ ಒಂದು ಔಷಧಿ ಅಂಗಡಿಯ ಮುಂದೆ ನಿಂತಿತು. ದೊಡ್ಡಕ್ಕ ಬಾಗಿಲು ತೆರೆದು, ಎದ್ದು, ದಡದಡ ಇಳಿದು, ನನ್ನ ಬಾಗಿಲನ್ನೂ ತೆರೆದರು. ಬೈಯಲು ತೆಗೆದ ಬಾಯಿ ಹಾಗೇ ನಿಂತಿತು. ಅವರಿಗೆ ಕಂಡದ್ದು ಮಳೆ ನಿಂತ ಮೇಲೆ ಮಡಚಿಟ್ಟ ಕೊಡೆಯಂಥ ನಾನು.

"ಅಯ್ಯೋ, ಏನೇ ಇದು ನಿನ್ನ ಅವಸ್ಥೆ?"

"ಸೀಟು ತಾನಾಗಿ ಬಂತು, ಅಕ್ಕ."

"ಬಂದರೆ ಹೇಳೋಕೇನು?"

"ನಿಮಗೆ ಸೂಜಿ ಚುಚ್ಚುತ್ತಾ ಇದ್ರು. ಮಧ್ಯೆ ಬಾಯಿ ಹಾಕಬಾರದು ಅಂತ..."

ಯಜಮಾನರು ಈ ಕಡೆಗೆ ಓಡಿಬಂದು, ಸೀಟಿನ ಪಕ್ಕದ ಗುಂಡಿ ಹುಡುಕಿ ಒತ್ತಿದರು. ಸೀಟು ಅದೇ ಅಂಬಾರಿ ಗತಿಯಲ್ಲಿ ಹಿಂದೆ ಸರಿಯತೊಡಗಿತು. "ಎಷ್ಟು ನಯವಾಗಿ ಬರ್ತಿದೆ ನೋಡಕ್ಕ! ಇಷ್ಟು ಹಳೇದಾದ್ರೂ ಒಂದು ಕಿರ್ರ್ ಇಲ್ಲ!" ಹೆಂಡತಿಯ ಬೆನ್ನುಮೂಳೆ ಕಿರ್ರ್ ಎಂದದ್ದು ಅವರಿಗೆ ಕೇಳಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಹೇಳಿರಲಿಲ್ವಾ ನಿನಗೆ? ಹಿಂದೆ ಕೂತ ಅಧ್ಯಕ್ಷರು ಕಾಲು ಚಾಚೋಕೆ ಮುಂದಿನ ಸೀಟನ್ನ ಕೈದಿಂಬಿನ ಗುಂಡಿಯಿಂದಲೇ ತಳ್ಳಬಹುದು ಅಂತ. ಅಷ್ಟು ಚೆನ್ನಾಗಿ ಹೂಂ ಹೂಂ ಅಂದೆ," ಎಂದರು.

ನಾನು ಲೋಕದ ಶ್ರೇಷ್ಠ ಶ್ರೋತೃ! ತಲೆ ತಗ್ಗಿಸಿದೆ. ಈ ಸಲ ಸೀಟಿನ ಸಹಾಯವಿಲ್ಲದೆ.

ದೊಡ್ಡಕ್ಕ ಮಾತ್ರ ತಮ್ಮ ಕಾಲನ್ನೇ ನೋಡಿಕೊಳ್ಳುತ್ತ ನಿಂತಿದ್ದರು. ಊರುಗೋಲು ಹಿಂದಿನ ಸೀಟಿನಲ್ಲೇ ಉಳಿದಿತ್ತು. "ಅಲ್ವೋ ತಮ್ಮ, ಸೂಜಿ ಕಥೆಯಿಂದೀಚೆಗೆ ಕಾಲು ಚಾಚಿಕೊಂಡೇ ಬಂದಿದ್ದೀನಿ. ಮಂಡಿ ನೋಯಲೇ ಇಲ್ಲ," ಎಂದು ನಿಧಾನವಾಗಿ ಹೇಳಿ, ನನ್ನನ್ನು ನೋಡಿ, ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ಆ ನಗು ನಿಲ್ಲಲಿಲ್ಲ. ಔಷಧಿ ಅಂಗಡಿಯವನು ನೀರು ತಂದುಕೊಟ್ಟ. ಯಜಮಾನರು ಕಣ್ಣೊರೆಸಿಕೊಂಡು, ಗಾಜು ಒರೆಸುವವರಂತೆ ನಟಿಸಿದರು.

ಮತ್ತೆ ಎಲ್ಲರೂ ಕೂತೆವು. ನಾನು ಗೆದ್ದ ರಾಣಿಯಂತೆ ಬೆನ್ನು ನೆಟ್ಟಗೆ ಮಾಡಿಕೊಂಡೆ.

"ಪಾಪ, ಅಷ್ಟು ಕಷ್ಟದಲ್ಲೂ ಕಥೆ ಬಿಡದೆ ಕೇಳಿದ್ದಾಳೆ," ಎಂದರು ದೊಡ್ಡಕ್ಕ. "ಇಂಥವಳನ್ನ ಎರಡು ವರ್ಷ ದೂರ ಇಟ್ಟೆನಲ್ಲ. ಅದಿರಲಿ, ಆಪರೇಷನ್ ಆಗಿದ್ದು ಎಡಗಾಲಿಗೋ ಬಲಗಾಲಿಗೋ, ಹೇಳು ನೋಡೋಣ?"

ದೇವರೇ! ಆ ಹೊತ್ತೆಲ್ಲ ನಾನು ನಿನ್ನ ನಾಮದಲ್ಲಿದ್ದೆನಲ್ಲಪ್ಪ. ಯಜಮಾನರ ಕಡೆ ನೋಡಿದೆ. ಅವರು ರಸ್ತೆಯ ಕಡೆ ನೋಡಿದರು.

"ಎಡ... ಎಡಗಾಲು," ಎಂದೆ.

ಯಜಮಾನರು ಕೆಮ್ಮಿದರು.

"ಬಲಗಾಲು," ಎಂದರು ದೊಡ್ಡಕ್ಕ, ಸಿಟ್ಟಿಲ್ಲದೆ. "ಪರವಾಗಿಲ್ಲ ಬಿಡು ಮಹರಾಯ್ತಿ. ಮೊದಲಿಂದ ಹೇಳ್ತೀನಿ. ತಮ್ಮಾ, ಆ ಅಧ್ಯಕ್ಷರ ಗುಂಡಿ ಯಾವುದು? ಇದೇ ತಾನೇ? ಹಂಗೆ ಕೂತರೆ ಅವಳಿಗೆ ನಿದ್ದೆಯೂ ಬರಲ್ಲ, ನನ್ನ ಮಂಡಿಯೂ ನೋಯಲ್ಲ."

ನನ್ನ ಸೀಟು ಸದ್ದಿಲ್ಲದೆ, ಅವಸರವಿಲ್ಲದೆ, ಮುಂದಕ್ಕೆ ಹೊರಟಿತು.

"ಹೂಂ," ಎಂದೆ.