ಹಳೇಕೋಟೆಯಲ್ಲಿ ತಿಮಿಂಗಿಲ

ನಮ್ಮ ಸೋದರಮಾವ ಜೀವಮಾನದಲ್ಲಿ ಸಮುದ್ರ ಕಂಡವರಲ್ಲ. ಆದರೆ ತಿಮಿಂಗಿಲದ ಬೇಟೆಯ ವಿಷಯದಲ್ಲಿ ಇಡೀ ಹೊಳೆನರಸೀಪುರ ತಾಲ್ಲೂಕಿಗೇ ಅವರನ್ನು ಮೀರಿಸುವವರಿಲ್ಲ! ಪೈಪೋಟಿಗೆ ಇನ್ನೊಬ್ಬರು ಇಲ್ಲ ಎನ್ನುವುದು ಬೇರೆ ಮಾತು.

ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿ ನಿವೃತ್ತರಾದ ವರ್ಷ ಹಾಸನದ ಹಳೇ ಪೇಪರ್ ಅಂಗಡಿಯಲ್ಲಿ ಅವರಿಗೊಂದು ದಪ್ಪ ಪುಸ್ತಕ ಸಿಕ್ಕಿತು. ಟಾಸ್ಮೇನಿಯ ಎಂಬ ದ್ವೀಪದಲ್ಲಿ ಇಂಗ್ಲಿಷರು ವಸಾಹತು ಹೂಡಿ ತಿಮಿಂಗಿಲ ಬೇಟೆಯಾಡಿದ ಚರಿತ್ರೆ. ಅಂದಿನಿಂದ ಹಳೇಕೋಟೆಯ ಮನೆಯ ಜಗಲಿಗೆ ಯಾರು ಬಂದರೂ ಕಥೆ ಶುರು. "ಚಳಿಗಾಲ್ದಲ್ಲಿ ಮರಿ ಆಕಕ್ಕೆ ಒಳೆ ಸಮುದ್ರ ಸೇರೋ ಬಾಯಿಗೇ ಬತ್ತಿದ್ವು ಕಣಯ್ಯಾ! ಅವು ಉಸ್ರು ಬುಡೋ ಸದ್ದಿಗೆ ಊರೋರಿಗೆ ನಿದ್ದೆ ಇಲ್ಲ!"

ಅವರ ಆಸೆ ಒಂದೇ. ಯಾರಾದರೂ ಈ ಕಥೆಯನ್ನು ಕೊನೆಯವರೆಗೂ ಕೇಳಬೇಕು. ಕೇಳಿದವರುಂಟೇ? ಬೇಟೆ ಏಳಿಗೆಗೆ ಬರುವಷ್ಟರಲ್ಲಿ ಎಲ್ಲರಿಗೂ ಬಸ್ಸು ಬಂದುಬಿಡುತ್ತಿತ್ತು; ಉಳಿದದ್ದನ್ನು ಮಾವ ಖಾಲಿ ಜಗಲಿಗೇ ಹೇಳಿ ಮುಗಿಸುತ್ತಿದ್ದರು. ತಿಮಿಂಗಿಲಗಳ ಅಳಿವಿನ ಭಾಗ ಮುಟ್ಟಿದವರೇ ಇಲ್ಲ. ನಾನೂ ಅಷ್ಟೇ, ಸುಳ್ಳೇಕೆ ಹೇಳಲಿ.

ಒಮ್ಮೆ ಹಿರೀಸಾವೆಯ ಹೋಟೆಲಿನ ಮುಂದೆ ನಮ್ಮ ಬಸ್ಸು ಕಾಫಿಗೆ ನಿಂತಿತ್ತು. ಮಾವ ಅದನ್ನು ಹೆಜ್ಜೆ ಹಾಕಿ ಅಳೆಯತೊಡಗಿದರು.

"ಯಾಕ್ ಸಾ, ತಗತೀರಾ?" ಎಂದ ಡ್ರೈವರ್.

"ಒಂದ್ ತಿಮಿಂಗಿಲ ಅಂದ್ರೆ ಇಂಥವು ಒಂದೂವರೆ ಬಸ್ಸು ಕಣಪ್ಪ."

ಡ್ರೈವರ್ ಅರ್ಧ ಕಾಫಿ ಬಿಟ್ಟು ಹೋಗಿ ಹಾರ್ನ್ ಹೊಡೆದ!

ಅರಕಲಗೂಡಿನ ಮದುವೆಯಲ್ಲಂತೂ ಹೋಳಿಗೆಗೆ ತುಪ್ಪ ಬಡಿಸುವ ಹೊತ್ತಿಗೇ, ದಡದಲ್ಲಿ ಕೊಪ್ಪರಿಗೆ ಹೂಡಿ ತಿಮಿಂಗಿಲದ ಕೊಬ್ಬು ಕಾಯಿಸಿ ದೀಪದೆಣ್ಣೆ ಇಳಿಸುತ್ತಿದ್ದ ವರ್ಣನೆ ತೆಗೆದರು. ಪಕ್ಕದಲ್ಲಿದ್ದ ಬೀಗರು ಎಲೆಗೆ ಕೈ ಅಡ್ಡ ಹಿಡಿದರು. ಬಡಿಸುವವನು, "ಸಕ್ರೆ ಕಾಯ್ಲೆನಾ ಸಾ?" ಎಂದು ಮರುಗಿದ.

ಅತ್ತೆಯ ದಾರಿಯೇ ಬೇರೆ. "ಆ ಮೀನ್ ಕಥೆ ಸಾಕು, ಓಗಿ ದನಕ್ಕೆ ಉಲ್ಲಾಕಿ" ಎನ್ನುವರು.

"ಮೀನಲ್ವೇ, ಅದು ಆಲು ಕುಡ್ಸೋ ಪ್ರಾಣಿ!"

"ಅಂಗಾದ್ರೆ ಒಂದ್ ಇಡ್ಕಬನ್ನಿ, ಡೈರೀಗಾದ್ರೂ ಆಕನ."

ಹೋದ ತಿಂಗಳು ನಾನು ಅಲ್ಲಿದ್ದಾಗ ಅವರ ಸೀಮೆಹಸು ಗಂಡುಕರು ಹಾಕಿತು. ಗಂಡುಕರು ಯಾರಿಗೆ ಬೇಕು? ಉಳುವುದಕ್ಕೆ ಟ್ರ್ಯಾಕ್ಟರ್ ಇದೆ, ಕರು ಕುಡಿದಷ್ಟೂ ಡೈರಿಗೆ ಕಮ್ಮಿ. ನಮ್ಮ ಕಡೆಯ ರೂಢಿಯಂತೆ ಅತ್ತೆಯೇ ದನದ ದಲ್ಲಾಳಿಗೆ ಫೋನ್ ಮಾಡಿದರು. ಚನ್ನರಾಯಪಟ್ಟಣದಿಂದ ಅವನ ಟೆಂಪೋ ಬಂತು. ಕರುವನ್ನು ಎತ್ತಿ ಹಾಕಿದ್ದೇ ತಡ, ಹಸು ಹಗ್ಗ ಕಿತ್ತುಕೊಂಡು ಬಂದು ಟೆಂಪೋವನ್ನು ಸುತ್ತತೊಡಗಿತು. ಕೋಲಿಗೂ ಬಗ್ಗಲಿಲ್ಲ. ಮಾತಿನ ಮಲ್ಲ ನಮ್ಮ ಮಾವ ಜಗಲಿಯ ಕಂಬ ಹಿಡಿದು ನಿಂತುಬಿಟ್ಟರು.

"ಅಸೂನ ಇಡ್ಕಳ್ರವ್ವಾ" ಎಂದ ದಲ್ಲಾಳಿ.

ಅತ್ತೆ ಹಿಡಿಯಲಿಲ್ಲ. "ಕರ ಇಳ್ಸಪ್ಪ" ಎಂದರು. "ಟಾಸ್ಮೇನಿಯ ಅಂತ ಒಂದ್ ದ್ವೀಪ ಐತೆ. ಅಲ್ಲಿ ತಿಮಿಂಗಿಲ ಇಡಿಯೋರು ಮೊದ್ಲು ಮರೀಗೆ ಈಟಿ ಒಡೀತಿದ್ರಂತೆ. ತಾಯಿ ಮರೀನ ಬುಟ್ಟೋಗಲ್ವಲ್ಲ, ಅಲ್ಲೇ ಸುತ್ತಾಕ್ಕಂಡು ನಿಂತ್ಕತಿತ್ತಂತೆ. ಆಮೇಲೆ ಅದ್ಕೂ ಈಟಿ. ಮರೀನೂ ಓಯ್ತು, ತಾಯೀನೂ ಓಯ್ತು. ಕೊನೀಗೆ ಆ ಒಳೆ ಬಾಯಿಗೆ ಒಂದೂ ಬರ್ನಿಲ್ಲ. ಕೊಪ್ಪರ್ಗೆ ತುಕ್ಕಿಡೀತು, ಬೇಟೆಯೋರೂ ಗಂಟುಮೂಟೆ ಕಟ್ಕಂಡು ಓದ್ರು. ಇಳ್ಸು ಅಂದ್ನಲ್ಲ!"

ದಲ್ಲಾಳಿ ಪೆಚ್ಚಾಗಿ ಕರು ಇಳಿಸಿ ಹೊರಟುಹೋದ. ಹಸು ಅದನ್ನು ನೆಕ್ಕತೊಡಗಿತು. ಆ ಕಥೆಯ ಕೊನೆಯನ್ನು ನಾನು ಮೊದಲ ಸಲ ಕೇಳಿದ್ದು ಹೀಗೆ, ಅದೂ ಅತ್ತೆಯ ಬಾಯಿಂದ. ನಾಚಿಕೆಯಾಯಿತು.

ಮಾವ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸುತ್ತಾ ಮೆಲ್ಲಗೆ ಕೇಳಿದರು. "ಕೊನೇಗಂಟ ಕೇಳುಸ್ಕಂಡಿದ್ದೇನೇ?"

ಅತ್ತೆ ಹಸುವಿನ ಹಗ್ಗ ಗಂಟು ಹಾಕುತ್ತಾ, ಅವರತ್ತ ತಿರುಗದೆಯೇ ಹೇಳಿದರು. "ಎರಡ್ ಸಲ ಅತ್ತೂ ಇವ್ನಿ. ನೀವು ಯಾಕೆ ಅಂದಾಗ ಈರುಳ್ಳಿ ಅಂದಿದ್ದೆ, ಅಷ್ಟೇಯ."