ಮುಳುಗುವವನ ಬಾಯಿಗೊಂದು ಕೊಳವೆ

ಕೆರೆಯ ನೀರುಗಂಟಿಯನ್ನು ಕಟ್ಟಿಕೊಂಡವಳಿಗೆ ನಗೆಯ ಪ್ರಸಂಗಗಳು ಕರೆಯದೆಯೇ ಬರುತ್ತಿರುತ್ತವೆ. ಆದರೆ ಗಂಡ ನೀರಿನಿಂದ ಮೇಲೆ ಬಂದಮೇಲಷ್ಟೇ ಅವು ನಗೆಯವಾಗುವುದು. ನಾನು ಹೊಳವನಹಳ್ಳಿ ಕಡೆಯವಳು. ಹತ್ತನೇ ತರಗತಿ ಮುಗಿಸಿ, ಎಪ್ಪತ್ತೆಂಟರಲ್ಲಿ ಮದುವೆಯಾಗಿ ಕಳ್ಳಂಬೆಳ್ಳದ ಹತ್ತಿರದ ಈ ಊರಿಗೆ ಬಂದೆ. ಕೆರೆಯ ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುವುದು ನಮ್ಮ ಯಜಮಾನರ ಮನೆತನದ ಕೆಲಸ. ತೂಬಿನ ಬಾಯಿಗೆ ಏನಾದರೂ ಸಿಕ್ಕಿಕೊಂಡರೆ ಉಸಿರು ಕಟ್ಟಿ ತಳಕ್ಕೆ ಹೋಗಿ ಕೈಯಿಂದಲೇ ಬಿಡಿಸಿ ಬರಬೇಕು. ನಮ್ಮ ಮಾವ ಹಾಗೆ ಹೋದವರು ಒಂದು ಸಲ ಮೇಲೆ ಬರಲಿಲ್ಲ. ಆದ್ದರಿಂದ ಮುಂದಿನದನ್ನೆಲ್ಲ ನಾನು ನಗುತ್ತಾ ಹೇಳುತ್ತಿಲ್ಲ. ನೀವು ನಗಬಹುದು.

೧. ಬಾಯಿ ತುಂಬ ನೀರು

ನಮ್ಮ ಮನೆಯಲ್ಲೊಂದು ಪದ್ಧತಿ. ಗಂಡ ಮುಳುಗಿದಾಗ ಹೆಂಡತಿ ಏರಿಯ ಮೇಲೆ ಬಾಯಿ ತುಂಬ ಕೆರೆಯ ನೀರು ಹಿಡಿದು ನಿಲ್ಲಬೇಕು. ನುಂಗಬಾರದು. ಅವನು ತಲೆ ಎತ್ತಿದ ಮೇಲೆಯೇ ಉಗುಳಬೇಕು.

ಮೊದಲ ಸಲ ಹಾಗೆ ನಿಂತಿದ್ದಾಗ ಗದ್ದೆಯ ಗೌಡರೊಬ್ಬರು ಬಂದರು. "ನಿನ್ ಗಂಡ ನಮ್ ಗದ್ದೆಗೆ ನೀರೇ ಬುಡ್ಲಿಲ್ಲವಲ್ಲಮ್ಮ. ಯಾಕೆ, ಮಾತೇ ಇಲ್ಲ? ತಪ್ಪು ಮಾಡ್ದೋರು ಇಂಗೇ ಬಾಯಿ ಮುಚ್ಕೊಂಡು ನಿಲ್ಲೋದು" ಅಂದರು. ನನ್ನ ಉತ್ತರ ಗಂಟಲವರೆಗೂ ಬಂದಿತ್ತು. ಅದರ ಮೇಲೆ ನೀರಿತ್ತು.

ಯಜಮಾನರು ಅವತ್ತು ತೀರಾ ತಡವಾಗಿ ತಲೆ ಎತ್ತಿದರು. ನಾನು ನೀರು ಉಗುಳಿ, ಗೌಡರಿಗೆ ಸಲ್ಲಬೇಕಾದದ್ದನ್ನು ಸಲ್ಲಿಸಿ, ಇವರ ಕಡೆ ತಿರುಗಿದೆ. "ಯಾಕಿಷ್ಟೊತ್ತು ಮಾಡಿದ್ರಿ? ನನ್ನ ಜೀವ ಹೋಗಿತ್ತು."

"ನೀನು ಮೇಲೆ ಬಾಯಿ ಮುಚ್ಕೊಂಡು ನಿಂತಿದೀಯ ಅನ್ನೋದು ನೆಪ್ಪಾಯ್ತು ಕಣೆ" ಅಂದರು. "ಅವಸರ ಯಾಕೆ ಅನ್ನಿಸ್ತು."

ಆ ಪದ್ಧತಿಯನ್ನು ನಾನು ಅಂದೇ ಬಿಟ್ಟೆ.

೨. ಕೊಳವೆ ಬೇಕೆ, ಬೇಡವೆ

ಮಗಳು ಹುಟ್ಟಿದ ವರ್ಷ ಕೆರೆ ಕೋಡಿ ಬಿತ್ತು. ನೀರಿನ ಜೊತೆ ಬಂದ ದೊಡ್ಡ ಕೊಂಬೆಯೊಂದು ತೂಬಿನ ಬಾಯಿಗೆ ಅಡ್ಡ ಕೂತಿತು. ಏರಿಯ ಈಚೆ ಕಣ್ಣು ಹಾಯಿಸಿದಷ್ಟು ನೀರು, ಆಚೆ ಭತ್ತದ ಪೈರು ಬಾಡುತ್ತಿದೆ. ಯಜಮಾನರು ಮುಳುಗಿ, ಕೆಸರಿನಲ್ಲಿ ತಡಕಾಡಿ, ಮೂಗಿನಲ್ಲಿ ರಕ್ತ ಸುರಿಸಿಕೊಂಡು ಎದ್ದರು. "ಇನ್ನೊಂದು ಸಲ ಹಿಂಗೆ ಇಳಿದ್ರೆ ಮಗು ಎತ್ಕೊಂಡು ತವರಿನ ಬಸ್ಸು ಹತ್ತುತೀನಿ" ಅಂದೆ.

ಊರವರು ಓಡಾಡಿ ಬೆಂಗಳೂರಿನಿಂದ ಇಬ್ಬರು ಮುಳುಗುಗಾರರನ್ನು ಕರೆಸಿದರು. ಬೆನ್ನಿಗೆ ಗಾಳಿ ತುಂಬಿದ ಸಿಲಿಂಡರು, ಕಾಲಿಗೆ ಬಾತುಕೋಳಿಯ ಪಾದ, ಮುಖಕ್ಕೆ ಗಾಜು. ಹಿರಿಯವರ ಗಾಜಿನ ಪಕ್ಕದಲ್ಲಿ ಮಾತ್ರ ಕೊಡೆಯ ಹಿಡಿಯಂತೆ ಬಾಗಿದ ಗಿಡ್ಡ ಕೊಳವೆಯೊಂದಿತ್ತು. ಕಿರಿಯವರು ಅದನ್ನು ನೋಡಿ ನಕ್ಕರು.

"ಬೆನ್ನ ಮೇಲೆ ಅಷ್ಟು ಗಾಳಿ ಇಟ್ಕೊಂಡು ಈ ಕಡ್ಡಿ ಯಾಕೆ ಸಾರ್? ಎಲ್ಲಾದ್ರೂ ಸಿಕ್ಕಿಹಾಕಿಕೊಳ್ಳುತ್ತೆ."

"ಮೇಲೆ ತೇಲೋವಾಗ ಅದರಲ್ಲಿ ಉಸಿರಾಡಿದ್ರೆ ಬೆನ್ನಿನ ಗಾಳಿ ಉಳಿಯುತ್ತಯ್ಯ. ಅದು ಮುಗಿದ ದಿನ ನಿನಗೆ ಗೊತ್ತಾಗುತ್ತೆ."

ಅಷ್ಟಕ್ಕೆ ಊರು ಎರಡು ಪಕ್ಷವಾಯಿತು. ಕುರಿ ಕಾಯುವ ತಾತ ಹಿರಿಯವರ ಕಡೆ. "ನಾಯಿ ಐತೆ ಅಂತ ಕುರಿಯೋನು ಕೋಲು ಮನೇಲಿ ಬುಟ್ಟು ಹೋಗ್ತಾನೇನ್ಲಾ?" ಅಂದ. ಅಂಗಡಿಯವರು ಕಿರಿಯವರ ಕಡೆ. "ಲಾರಿ ಹತ್ತೋನು ಕಂಕುಳಲ್ಲಿ ಸೈಕಲ್ ಇಟ್ಕೊಂಡು ಹತ್ತುತಾನಾ?" ಅಂದರು. ಪೈರು ಮರೆತೇಹೋಯಿತು. ಕೊನೆಗೆ ತಾತ ನನ್ನ ಕಡೆ ತಿರುಗಿ, "ನಿನ್ ಗಂಡ ಯಾವ್ ಪಕ್ಷನಮ್ಮ?" ಅಂದ.

"ನಮ್ಮೋರ ಹತ್ರ ಸಿಲಿಂಡರೂ ಇಲ್ಲ, ಕೊಳವೆನೂ ಇಲ್ಲ" ಅಂದೆ. "ಅದಕ್ಕೇ ಅವರು ಜಗಳಾಡದೆ ಕೆಲಸ ಮಾಡ್ತಾರೆ."

೩. ತೀರ್ಪು

ಇಬ್ಬರೂ ಗರಗಸ ಹಿಡಿದು ಇಳಿದರು. ಕೆರೆಯಂಗಳದಲ್ಲಿ ಮುಳುಗಿ ನಿಂತ ಕರಿಜಾಲಿ ಮರಗಳ ಗುರುತು ಅವರಿಗೆ ಹೇಗಿರಬೇಕು? ತೂಬಿನ ಕೊಂಬೆಯನ್ನು ಅರ್ಧ ಕೊಯ್ದು ಮರಳುವಾಗ ಹಿರಿಯವರ ಕೊಳವೆ ಜಾಲಿಗೆ ತೊಡರಿ, ಗಾಜು ಮುಖದಿಂದ ಕಿತ್ತು ಬಂತು. ಕುರುಡರಂತೆ ಕೈ ಬಡಿಯುತ್ತಾ ಎದ್ದರು. ಕಿರಿಯವರು ರಾಡಿಯಲ್ಲಿ ದಿಕ್ಕು ತಪ್ಪಿ ಕೆರೆಯ ನಡುವೆ ಎದ್ದರು. ಸಿಲಿಂಡರಿನ ಗಾಳಿ ಮುಗಿದಿತ್ತು. ಬಾಯಿ ತೆರೆದಾಗಲೆಲ್ಲ ಅಲೆ ಒಳಗೆ. ನಮ್ಮ ಯಜಮಾನರು ಹರಿಗೋಲಿನಲ್ಲಿ ಅವರ ಹತ್ತಿರ ಹೋಗಿ, ಹಗ್ಗ ಎಸೆಯುವಾಗ ತಾವೇ ನೀರಿಗೆ ಬಿದ್ದರು. ಮೂವರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಹೇಗೋ ದಡ ಸೇರಿದರು.

ತಾತ ತೀರ್ಪು ಕೊಟ್ಟ. "ಕೊಳವೆ ಇದ್ದೋನೂ ಸಾಯ್ತಿದ್ದ, ಇಲ್ದೋನೂ ಸಾಯ್ತಿದ್ದ, ಉಳಿಸಾಕೋದೋನೂ ಸಾಯ್ತಿದ್ದ. ಅಂಗಾರೆ ತಪ್ಪು ಕೆರೇದೇ ಕಣ್ಲಾ."

೪. ಪಾವಗಡದ ಗಾಳಿ

ಕೊಂಬೆಯನ್ನು ಅರ್ಧ ಕೊಯ್ದಿದ್ದೇವೆ, ಬೇರೆ ಗರಗಸ ತರುತ್ತೇವೆ ಎಂದು ಅವರು ಹೊರಟರು. ನಾನು ಮಗುವನ್ನು ಕಂಕುಳಲ್ಲಿಟ್ಟುಕೊಂಡು ಜೀಪಿಗೆ ಅಡ್ಡ ನಿಂತು, "ಆ ಕೊಳವೆ, ಗಾಜು ಬಿಟ್ಟುಹೋಗಿ" ಅಂದೆ. ಹಿರಿಯವರು ನನ್ನ ಮುಖವನ್ನೂ ಮಗುವನ್ನೂ ನೋಡಿ ಬಿಚ್ಚಿಕೊಟ್ಟರು. "ನೀರಿನ ಮೇಲೆ ಮುಖ ಕೆಳಗೆ ಮಾಡಿ ಮಲಗೋದಕ್ಕೆ ಮಾತ್ರ ಇದು. ತಳಕ್ಕೆ ಹೋಗೋದಕ್ಕಲ್ಲಮ್ಮ" ಎಂದು ಎರಡು ಸಲ ಹೇಳಿದರು.

ಅವರು ಮರಳಿ ಬರಲಿಲ್ಲ. ಬಂದದ್ದು ಪಾವಗಡದಿಂದ ನಾದಿನಿಯ ಗಂಡ. ಪಂಪ್‌ಸೆಟ್ ಇಟ್ಟವರು, ಪೈಪಿನಿಂದ ಆಗದ ಕೆಲಸವಿಲ್ಲ ಎಂದು ನಂಬಿದವರು, ನನ್ನನ್ನು ತೆಲುಗಿನಲ್ಲಿ ತಂಗಿ ಎಂದು ಕರೆಯುವವರು.

"ಏಮ್ಮಾ ಚೆಲ್ಲಿ, ಇಷ್ಟು ಗಿಡ್ಡ ಕೊಳವೆ ಏನಕ್ಕಾಗುತ್ತೆ? ಉದ್ದ ಪೈಪು ಜೋಡಿಸಿದ್ರೆ ಅಯಿಪೋಯೆ, ಕೆಲಸ ಮುಗೀತು. ತಳದಲ್ಲಿ ಕೂತ್ಕೊಂಡು ಬೀಡಿ ಸೇದಬಹುದು."

ಯಜಮಾನರ ಕಣ್ಣು ಅರಳಿತು. ನನಗೆ ಮಾವನವರ ನೆನಪಾಯಿತು. "ಅಣ್ಣ, ಮೊದಲು ನೀವು ನಮ್ಮ ಬಾವೀಲಿ ಕೂತು ತೋರಿಸಿ" ಅಂದೆ.

ಅವರು ಪೈಪು ಕಚ್ಚಿಕೊಂಡು ಬಾವಿಯ ಮೆಟ್ಟಿಲು ಇಳಿದರು. ಕುತ್ತಿಗೆಯವರೆಗೆ ಇಳಿದಾಗಲೂ ಕೈ ಬೀಸಿದರು. ತಲೆ ಮುಳುಗಿ ಇನ್ನೂ ಕೆಳಗೆ ಹೋದದ್ದೇ, ನೀರು ಎದೆಯನ್ನು ಅದುಮಿ ಹಿಡಿದಂತಾಗಿ ಉಸಿರು ಎಳೆಯಲಾಗದೆ, ಕಣ್ಣು ಹೊರಬಿದ್ದಂತೆ ಮೇಲಕ್ಕೆ ಚಿಮ್ಮಿದರು. ಮೆಟ್ಟಿಲ ಮೇಲೆ ಬಹಳ ಹೊತ್ತು ಏದುಸಿರು ಬಿಟ್ಟರು. ಆಮೇಲೆ ಗಂಭೀರವಾಗಿ ಹೇಳಿದರು. "ಪೈಪಿನ ತಪ್ಪು ಲೇದಮ್ಮ. ಮಾ ಪಾವಗಡದಲ್ಲಿ ನೀರಿಲ್ದಿದ್ರೂ ಗಾಳಿ ಜೋರು. ನಿಮ್ಮೂರಲ್ಲಿ ಗಾಳೀನೇ ಇಲ್ಲ."

೫. ಬೋರಲು

ಪೈರು ಇನ್ನು ತಡೆಯುವಂತಿರಲಿಲ್ಲ. ಯಜಮಾನರು ಇಳಿಯಲೇಬೇಕಾಯಿತು. ನೀರು ಈಗ ತಿಳಿಯಾಗಿತ್ತು. ನಾನು ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ಗಾಜು, ಕೊಳವೆ ಹಾಕಿಕೊಂಡು ನೀರಿನ ಮೇಲೆ ಮಲಗಿ, ಕೊಂಬೆ ಎಲ್ಲಿ ಸಿಕ್ಕಿದೆ ಎಂದು ಕಣ್ಣಾರೆ ನೋಡಿ, ಉಸಿರು ಸುಧಾರಿಸಿಕೊಂಡು ಆಮೇಲೆ ಮುಳುಗುವುದು. ತಡಕಾಡಿ ಉಸಿರು ಕಳೆಯುವಂತಿಲ್ಲ.

ಅವರು ಹಾಗೆಯೇ ಮಾಡಿದರು. ಕೈಕಾಲು ಚಾಚಿ, ಬೋರಲಾಗಿ, ಅಲ್ಲಾಡದೆ ಮಲಗಿದರು.

ಏರಿಯ ಮೇಲಿದ್ದವರಿಗೆ ನೀರಿನಲ್ಲಿ ಬೋರಲಾಗಿ ತೇಲುವುದು ಏನೆಂದು ಗೊತ್ತಿತ್ತು. ನಮ್ಮತ್ತೆ ಕುಸಿದು ಕೂತರು. ಸಾವಿನ ಮನೆಗಳಲ್ಲಿ ಹಾಡಿಕೊಂಡು ಅಳುವ ಅಜ್ಜಿಯೊಬ್ಬಳು ನಮ್ಮೂರಲ್ಲಿದ್ದಾಳೆ. ಅವಳು ಸೆರಗು ಬಾಯಿಗಿಟ್ಟು ಶುರು ಮಾಡಿದಳು. "ಏರಿಯಂಗೆ ನಿಂತಿದ್ದೆಯಲ್ಲೋ ಮಗನೇ, ಕೆರೆಗೇ ಕಣ್ಣಾಗಿದ್ದೆಯಲ್ಲೋ." ದಿನಾ ಬೆಳಗ್ಗೆ ಮಗನನ್ನು ಸೋಮಾರಿ ಎಂದು ಎಬ್ಬಿಸುವ ಅತ್ತೆ, "ನನ್ನ ದುಡಿಮೆಗಾರ" ಎಂದು ದನಿಗೂಡಿಸಿದರು.

"ಅತ್ತೆ, ಉಸಿರಾಡ್ತಿದಾರೆ. ಬೆನ್ನು ನೋಡಿ, ಕೊಳವೆ ನೋಡಿ" ಅಂದೆ.

ಹೆಂಗಸರು ನನ್ನ ಕೈಯಿಂದ ಮಗುವನ್ನು ಮೆಲ್ಲಗೆ ತೆಗೆದುಕೊಂಡರು. "ಪಾಪ, ಆಘಾತಕ್ಕೆ ತಲೆ ಕೆಟ್ಟೈತೆ. ಮಾತಾಡ್ಲಿ ಬುಡಿ" ಅಂದರು.

ಅಷ್ಟರಲ್ಲಿ ಕೊಳವೆಯ ತುದಿಯೂ ನೀರಿನೊಳಗೆ ಹೋಯಿತು. ಕೊಂಬೆ ಬಿಡಿಸಲು ತಾವೇ ಮುಳುಗಿದರು ಎಂದು ನನಗೊಬ್ಬಳಿಗೆ ಗೊತ್ತು. ಗೊತ್ತಿದ್ದೂ ನೀರಿನ ಅಂಚಿಗೆ ಹೋಗಿ ನಿಂತೆ. ಮಾವನವರು ಹೋದದ್ದೂ ಇದೇ ನೀರಿಗೆ. ಅಜ್ಜಿಯ ಹಾಡು ಸುಳ್ಳು ಎಂದು ಕೂಗಲು ನನಗೆ ಆಗ ಬಾಯಿ ಬರಲಿಲ್ಲ.

ಏರಿಯ ಆಚೆ ತೂಬಿನ ಕಾಲುವೆಯಲ್ಲಿ ಗುಡುಗಿದಂತೆ ಸದ್ದಾಯಿತು. ನೀರು ನುಗ್ಗಿತು. ಅದರ ಹಿಂದೆಯೇ ಯಜಮಾನರು ತಲೆ ಎತ್ತಿ, ಈಜಿ ಬಂದು, ಮುಖದ ಗಾಜು ಹಣೆಗೇರಿಸಿಕೊಂಡು ಏರಿ ಹತ್ತಿದರು. ಅತ್ತೆ ಅವರನ್ನು ಬಾಚಿ ತಬ್ಬಿಕೊಂಡರು. ನಾನು ಅವರ ತೋಳು ಹಿಡಿದು ಗಟ್ಟಿಯಾಗಿ ಚಿವುಟಿದೆ. "ಅಮ್ಮಾ" ಅಂದರು. ಜೀವವಿತ್ತು.

ಅಜ್ಜಿ ಮಾತ್ರ ಹಾಡು ನಿಲ್ಲಿಸಲಿಲ್ಲ. ಯಜಮಾನರು ಅವಳ ಮುಂದೆ ಹೋಗಿ ನಿಂತು, "ಅಜ್ಜಿ, ನಾನು ಬದುಕಿದೀನಿ ಕಣಜ್ಜಿ" ಅಂದರು.

ಅಜ್ಜಿ ಕಣ್ಣೊರೆಸಿಕೊಂಡು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಬದುಕ್ಲಾ, ಯಾರು ಬ್ಯಾಡ ಅಂದೋರು? ಆದ್ರೆ ಹಾಡು ನಡುವೆ ನಿಲ್ಲಿಸಿದ್ರೆ ಊರಿಗೆ ಒಳ್ಳೇದಲ್ಲ. ಇನ್ನೊಂದೆರಡು ನುಡಿ ಐತೆ, ಅಲ್ಲೀಗಂಟ ಇಲ್ಲಿ ಮಲಿಕ್ಕೋ."

ಯಜಮಾನರು ನನ್ನ ಮುಖ ನೋಡಿದರು. ಆಮೇಲೆ ಏರಿಯ ಮೇಲೆ ಮಲಗಿಕೊಂಡರು.